ವೀಲ್‌ಚೇರ್‌ನಲ್ಲಿ ಹೋಗುವವರಿಗೆ ನಮ್ಮ ಏರಿಯಾದ ಪಾರ್ಕ್ ಹೇಗಿದೆ?

ಬಳ್ಳಾರಿಯಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿಗೆ ನಾನು ಕೊಡೋದು 5ಕ್ಕೆ 2 ಸ್ಟಾರ್. ಒಂದು ಅಲ್ಲಿನ ಬೇವಿನ ಮರಗಳಿಗೆ, ಇನ್ನೊಂದು ಅಲ್ಲಿನ ವಾಚ್‌ಮನ್‌ಗೆ. ಕಾಲಲ್ಲಿ ನಡೆದು ಹೋಗುವವರು ಇದಕ್ಕಿಂತ ಜಾಸ್ತಿ ಕೊಡಬಹುದು, ತಪ್ಪೇನಿಲ್ಲ, ನೆರಳಿದೆ, ಸಂಜೆ ಲೈಟ್ ಚೆನ್ನಾಗಿದೆ, ನಮ್ಮೂರ ಬಿಸಿಲಿಗೆ ಅಷ್ಟು ಸಿಕ್ಕರೂ ದೊಡ್ಡದೇ. ನಾನು ವೀಲ್‌ಚೇರ್‌ನಲ್ಲಿ ಓಡಾಡುವವಳು, ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತೊಂದರೆ ಗೇಟಿನಲ್ಲೇ ಶುರು. ದನ, ಬೈಕು ಒಳಗೆ ಬರಬಾರದು ಅಂತ ತಿರುಗುವ ಕಬ್ಬಿಣದ ಗೇಟು ಹಾಕಿದ್ದಾರೆ. ಅದರಲ್ಲಿ ವೀಲ್‌ಚೇರ್ ಹೋಗೋದಿಲ್ಲ. ಪಕ್ಕದ ದೊಡ್ಡ ಗೇಟಿಗೆ ಯಾವಾಗಲೂ ಬೀಗ. ವಾಚ್‌ಮನ್ ಇದ್ದರೆ ಕರೆದ ತಕ್ಷಣ ಬಂದು ತೆಗೆಯುತ್ತಾರೆ, ಬೇಜಾರು ಮಾಡಿಕೊಳ್ಳೋದಿಲ್ಲ. ಊಟಕ್ಕೋ ಗಿಡಕ್ಕೆ ನೀರು ಬಿಡೋಕೋ ಹೋಗಿದ್ದರೆ ಧೂಳು ಕುಡಿಯುತ್ತಾ ರಸ್ತೆ ಅಂಚಿನಲ್ಲೇ ಕಾಯಬೇಕು. ಆಗ ಯಾರಾದರೂ ಬಂದು "ನಾವು ಎತ್ತಿ ಒಳಗ ಬಿಡ್ತೀವಿ ತಗೋರಿ ಅಕ್ಕಾ" ಅಂತಾರೆ. ಅವರ ಮನಸ್ಸು ಒಳ್ಳೆಯದು. ಆದರೆ ಗೊತ್ತಿಲ್ಲದವರು ನನ್ನನ್ನು ಎತ್ತುವುದು ನನಗೆ ಬೇಡ. ಯಾವ ಹೆಣ್ಣುಮಗಳಿಗೆ ಬೇಕು ಹೇಳಿ? ಪಕ್ಕದಲ್ಲಿ 90 ಸೆಂಟಿಮೀಟರ್ ದಾರಿ ಬಿಟ್ಟರೆ ಸಾಕು, ನಾನೇ ತಳ್ಳಿಕೊಂಡು ಹೋಗುತ್ತೇನೆ. ಹಾಗೆ ಬಿಟ್ಟರೆ ಬೈಕೂ ನುಗ್ಗುತ್ತವೆ ಅನ್ನುತ್ತಾರೆ. ನುಗ್ಗಿದವರಿಗೆ ದಂಡ ಹಾಕಲಿ, ಅದಕ್ಕೆ ನಮ್ಮನ್ನು ಯಾಕೆ ಹೊರಗೆ ನಿಲ್ಲಿಸಬೇಕು?

ಒಳಗೆ ಮಂಟಪದ ಹತ್ತಿರ ರ‍್ಯಾಂಪ್ ಇದೆ. ಆದರೆ ಅದು ಮೆಟ್ಟಿಲ ಮೇಲೆ ಹಲಗೆ ಇಟ್ಟ ಹಾಗೆ ಕಡಿದಾಗಿದೆ. ಲೆಕ್ಕ ಕಷ್ಟದ್ದಲ್ಲ, ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಇಲ್ಲಿ ಮಂಟಪ ಸುಮಾರು ಎರಡು ಅಡಿ ಎತ್ತರ, ಅಂದರೆ ರ‍್ಯಾಂಪ್ 24 ಅಡಿ ಇರಬೇಕಿತ್ತು. ಅದರ ಅರ್ಧವೂ ಇಲ್ಲ. ಹಿಡಿದುಕೊಳ್ಳಲು ಕಂಬಿ ಇಲ್ಲ, ಮೇಲೆ ನುಣುಪು ಟೈಲ್ಸ್ ಬೇರೆ. ವಾಕಿಂಗ್ ದಾರಿಯ ಇಂಟರ್‌ಲಾಕ್ ಕಲ್ಲುಗಳು ಬೇರು ಬೆಳೆದ ಕಡೆ ಎದ್ದಿವೆ, ಮುಂದಿನ ಸಣ್ಣ ಚಕ್ರ ಅಲ್ಲಿ ಸಿಕ್ಕಿಕೊಂಡರೆ ಮುಗ್ಗರಿಸಿ ಬೀಳುವುದೇ. ಬಾಗಿದ ಕೊಂಬೆಗಳು ಮುಖದ ಎತ್ತರಕ್ಕಿವೆ, ಕಣ್ಣು ಕಾಣದವರು ಕೋಲಿನಿಂದ ನೆಲ ತಡವಿದರೆ ಅವು ಸಿಗೋದಿಲ್ಲ. ಓಪನ್ ಜಿಮ್‌ನಲ್ಲಿ ಕುಳಿತಲ್ಲಿಂದ ಬಳಸುವ ಒಂದು ಸಲಕರಣೆಯೂ ನನಗೆ ಕಾಣಲಿಲ್ಲ. ಮಕ್ಕಳ ಆಟದ ಜಾಗಕ್ಕೆ ಪೂರ್ತಿ ಮರಳು. ಅಣ್ಣನ ಮಗಳು ಜಾರುಬಂಡೆ ಮೇಲಿಂದ "ಅತ್ತೆ, ಇಲ್ಲಿ ಬಾ" ಅಂತ ಕೂಗುತ್ತಾಳೆ, ನಾನು ದೂರದಿಂದ ಕೈ ಬೀಸುತ್ತೇನೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಟಾಯ್ಲೆಟ್ ವಿಷಯಕ್ಕೆ. ಬಾಗಿಲ ಮೇಲೆ ವೀಲ್‌ಚೇರ್ ಚಿತ್ರ ಇದೆ, ಒಳಗೆ ಪೊರಕೆ, ನೀರಿನ ಪೈಪು, ಗೊಬ್ಬರದ ಚೀಲ ತುಂಬಿದ್ದಾರೆ. ಅಗಲ ಸರಿಯಾಗಿದೆ, ಹಿಡಿಕೆ ಕೂಡ ಹಾಕಿದ್ದಾರೆ, ಅಷ್ಟು ಖರ್ಚು ಮಾಡಿ ಕಟ್ಟಿದ್ದನ್ನು ಗೋದಾಮು ಮಾಡಿದ್ದಾರೆ. ಇದರಿಂದ ಏನಾಗುತ್ತೆ ಗೊತ್ತಾ? ನನ್ನಂಥ ಹೆಂಗಸರು ಹೊರಗೆ ಹೊರಡುವ ದಿನ ನೀರೇ ಕುಡಿಯೋದಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯದೆ ಇರೋದು ಎಷ್ಟು ಅಪಾಯ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡಬೇಕಾದ ಸೌಲಭ್ಯ ಅಂತ ತಿಳಿಯಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ, ಅದರ ನಿಯಮಗಳು 2017ರಲ್ಲಿ. ಮನರಂಜನೆಯ ಜಾಗಗಳೂ ಅದರಲ್ಲಿ ಸೇರಿವೆ. ಹಳೇ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷ 2022ಕ್ಕೇ ಮುಗಿದಿದೆ. ರ‍್ಯಾಂಪ್, ದಾರಿ, ಟಾಯ್ಲೆಟ್ ಹೀಗಿರಬೇಕು ಅನ್ನುವ ಅಳತೆಗಳು ಬರೀ ಸಲಹೆಯಾಗಿರಬಾರದು, ಕಡ್ಡಾಯವಾಗಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹೋಗುವವರಿದ್ದರೆ ಸಂಜೆ ಐದರ ಮೇಲೆ ಹೋಗಿ, ಆಗ ವಾಚ್‌ಮನ್ ಗೇಟಿನ ಹತ್ತಿರವೇ ಇರುತ್ತಾರೆ. ಒಳಗೆ ಹೋದ ಮೇಲೆ ಎಡಗಡೆಯ ದಾರಿ ಹಿಡಿಯಿರಿ, ಅಲ್ಲಿ ಕಲ್ಲು ಇನ್ನೂ ಸಮ ಇದೆ. ಮಂಟಪದ ರ‍್ಯಾಂಪ್ ಮೇಲೆ ಒಬ್ಬರೇ ಹೋಗಬೇಡಿ. ಟಾಯ್ಲೆಟ್ ಖಾಲಿ ಮಾಡಿಸಿ ಅಂತ ನಾನು ಅರ್ಜಿ ಕೊಟ್ಟಿದ್ದೇನೆ, ನೀವೂ ಒಂದು ಕೊಡಿ.