ಪಟ್ಟಾಯಕ್ಕೆ ಹೋಗುವವರೇ, ಕೊರಳಿನ ಸರ ಮನೆಯಲ್ಲಿ ಬಿಚ್ಚಿಟ್ಟು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಪಟ್ಟಾಯವನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬೈಸಿಕೊಳ್ಳಬೇಕಾದವನು ನಾನು. ಅಲ್ಲಿ ನಾನು ಕಳೆದುಕೊಂಡದ್ದೆಲ್ಲ ಊರಿನಿಂದ ಹೊತ್ತುಕೊಂಡು ಹೋದ ಅಭ್ಯಾಸಗಳ ದೆಸೆಯಿಂದ. ಮೂವತ್ತು ವರ್ಷ ವ್ಯಾಪಾರದಲ್ಲಿ ನನ್ನನ್ನು ಕಾಪಾಡಿದ ಬುದ್ಧಿಯೇ ಆ ಊರಿನಲ್ಲಿ ನನ್ನ ಜೇಬಿಗೆ ಕೈ ಹಾಕಿತು.

ನಮ್ಮದು ಹಾವೇರಿ ಜಿಲ್ಲೆಯಲ್ಲಿ ಸಿಮೆಂಟು, ಕಬ್ಬಿಣ, ಬಣ್ಣದ ಅಂಗಡಿ. ವರ್ಷದ ಗುರಿ ಮುಟ್ಟಿದ ಡೀಲರುಗಳನ್ನು ಕಂಪನಿಯವರು ಥಾಯ್ಲೆಂಡಿಗೆ ಕರೆದೊಯ್ಯುವುದು ಈಗ ಹೊಸದೇನಲ್ಲ. ಬೀಜ ಗೊಬ್ಬರದವರು, ಟೈರಿನವರು, ಪಂಪ್‌ಸೆಟ್ಟಿನವರು ಎಲ್ಲರೂ ಹೋಗಿ ಬಂದು ಫೋಟೋ ತೋರಿಸಿದ್ದಾರೆ. ಕಳೆದುಕೊಂಡದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾವು ನಲವತ್ತು ಜನ, ನಾಲ್ಕು ರಾತ್ರಿ. ಬೆಂಗಳೂರಿನಿಂದ ರಾತ್ರಿ ವಿಮಾನ, ಬೆಳಗಿನ ಜಾವ ಬ್ಯಾಂಕಾಕ್, ಅಲ್ಲಿಂದ ಪಟ್ಟಾಯಕ್ಕೆ ಬಸ್ಸಿನಲ್ಲಿ ಎರಡು ಗಂಟೆ.

1950ರ ದಶಕದವರೆಗೂ ಪಟ್ಟಾಯ ಮೀನುಗಾರರ ಹಳ್ಳಿಯಾಗಿತ್ತಂತೆ. 1959ರಲ್ಲಿ ಥಾಯ್ಲೆಂಡಿನದೇ ಇನ್ನೊಂದು ಊರಾದ ಕೋರಾಟ್‌ನಲ್ಲಿದ್ದ ಅಮೆರಿಕದ ಸೈನಿಕರ ಒಂದು ತಂಡ ರಜೆ ಕಳೆಯಲು ಇಲ್ಲಿಗೆ ಬಂದಿತು. ಆಮೇಲೆ ವಿಯೆಟ್ನಾಂ ಯುದ್ಧ, ಹತ್ತಿರದ ಊ-ತಪಾವ್‌ನಲ್ಲಿ ವಿಮಾನ ನೆಲೆ. ಸೈನಿಕರು ಸಾಲುಸಾಲಾಗಿ ಬಂದರು, ಹಳ್ಳಿ ಊರಾಯಿತು. ಈಗ ಕಡಲಿಗೆ ಅಂಟಿಕೊಂಡು ಬೀಚ್ ರೋಡ್, ಅದರ ಹಿಂದೆ ಸೆಕೆಂಡ್ ರೋಡ್, ಎರಡಕ್ಕೂ ಮಧ್ಯೆ ಏಣಿಯ ಮೆಟ್ಟಿಲುಗಳ ಹಾಗೆ ಸೋಯಿಗಳು. ಸೋಯಿ ಎಂದರೆ ಓಣಿ. ಬೀಚ್ ರೋಡಿನ ದಕ್ಷಿಣದ ತುದಿಯಲ್ಲಿ ವಾಕಿಂಗ್ ಸ್ಟ್ರೀಟ್. ಸಂಜೆಯಾದ ಮೇಲೆ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಮನುಷ್ಯರದೇ ಜಾತ್ರೆ.

ಮೊದಲ ಪೆಟ್ಟು ಚಿಕ್ಕದು. ಊರಿನೊಳಗೆ ಓಡಾಡಲು ನೀಲಿ ಬಣ್ಣದ ಪಿಕಪ್ ಗಾಡಿಗಳಿವೆ, ಹಿಂದೆ ಎದುರುಬದುರು ಎರಡು ಬೆಂಚು. ಹೆಸರು ಸೋಂಗ್‌ತೇವ್, ಎರಡು ಸಾಲು ಎಂದೇ ಅದರ ಅರ್ಥ. ಬೆಂಗಳೂರಿನಲ್ಲಿ ಆಟೋ ಹತ್ತುವ ಮೊದಲು ಬಾಡಿಗೆ ಕೇಳದವನು ಕೆಟ್ಟ ಎಂದು ನಾವು ನಂಬಿದವರು. ಆದ್ದರಿಂದ ಚಾಲಕನ ಕಿಟಕಿಗೆ ಹೋಗಿ ಕೇಳಿದೆವು. ಐದು ಜನಕ್ಕೆ 400 ಬಾತ್ ಎಂದ. ನಮಗೆ ರೂಪಾಯಿ ಇದ್ದ ಹಾಗೆ ಅವರಿಗೆ ಬಾತ್. ಚೌಕಾಶಿ ಮಾಡಿ 300ಕ್ಕೆ ಇಳಿಸಿ, ಗೆದ್ದವರಂತೆ ಹತ್ತಿ ಕುಳಿತೆವು. ಎರಡು ತಿರುವು ದಾಟುವಷ್ಟರಲ್ಲಿ ಇಳಿಯುವ ಜಾಗ ಬಂತು. ಅಲ್ಲಿ ನಮ್ಮ ಕಣ್ಣೆದುರೇ ಒಬ್ಬ ಶಾಲಾ ಹುಡುಗಿ ಇನ್ನೊಂದು ಗಾಡಿಯ ಚಾವಣಿಯ ಗುಂಡಿ ಒತ್ತಿ ನಿಲ್ಲಿಸಿ, ಇಳಿದು, ಚಾಲಕನ ಕೈಗೆ 10 ಬಾತ್ ನಾಣ್ಯವಿಟ್ಟು, ಮಾತಿಲ್ಲದೆ ನಡೆದುಹೋದಳು. ಅಲ್ಲಿನ ಪದ್ಧತಿ ಅದು: ಓಡಾಡುವ ಗಾಡಿಗೆ ಕೈ ಮಾಡಿ, ಸುಮ್ಮನೆ ಹತ್ತಿ, ಇಳಿದ ಮೇಲೆ ಕೊಡಿ. ದರ ಕೇಳಿದಿರೋ, ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿದಿರಿ ಎಂದು ಅರ್ಥ. ನಮ್ಮಲ್ಲಿ ಬಾತ್ ಎಂದರೆ ತಿನ್ನುವುದು, ಅಲ್ಲಿ ತೆರುವುದು ಎಂದು ಜೊತೆಗಿದ್ದ ರಾಣೆಬೆನ್ನೂರಿನವರು ನಕ್ಕರು. ಅವರ ನಗು ಬಹಳ ಹೊತ್ತು ಬಾಳಲಿಲ್ಲ.

ಅವರು ನಮ್ಮ ತಂಡದ ಹಿರಿಯರು. ಮದ್ಯ ಮುಟ್ಟುವವರಲ್ಲ, ನಿತ್ಯ ಪೂಜೆ ಮಾಡುವವರು. ಕಾಲು ನೋಯುತ್ತದೆ, ಎಲ್ಲಾದರೂ ಕುಳಿತುಕೊಳ್ಳೋಣ ಎಂದರೆಂದು ಒಂದು ಓಣಿಯ ಬಾರಿಗೆ ಹೋದೆವು. ಗೋಡೆಯಿಲ್ಲದ ಬಾರು ಅದು. ನಾಲ್ಕೂ ಕಡೆ ಕಟ್ಟೆ, ಸುತ್ತ ಎತ್ತರದ ಸ್ಟೂಲು. ಒಂದು ಮೂಲೆಯಲ್ಲಿ ನಾಯಿಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡ ಒಬ್ಬ ಮುದುಕ ಬಿಳಿಯ, ಅವನ ಪಕ್ಕದಲ್ಲಿ ಹಚ್ಚೆಯಿಲ್ಲದ ಜಾಗವೇ ಇಲ್ಲದ ಇನ್ನೊಬ್ಬ. ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಲೋಟ, ಅದರೊಳಗೆ ಸುರುಳಿ ಸುತ್ತಿದ ಚೀಟಿ. ಕುಡಿದದ್ದರ ಲೆಕ್ಕ ಆ ಚೀಟಿಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಹುಡುಗಿಯರು ಬಂದು ಊರು ಯಾವುದು, ಮಕ್ಕಳೆಷ್ಟು ಎಂದು ಮಾತನಾಡಿಸುತ್ತಾರೆ, ನನಗೂ ಒಂದು ಪಾನೀಯ ಕೊಡಿಸು ಎನ್ನುತ್ತಾರೆ. ನೀವು ಹೂಂ ಎಂದರೆ ಅದಕ್ಕೂ ಒಂದು ಚೀಟಿ. ಅದರಲ್ಲಿ ಮೋಸವಿಲ್ಲ, ಅವರ ದುಡಿಮೆಯೇ ಅದು. ಚೀಟಿಯನ್ನು ಆಗಾಗ ಬಿಡಿಸಿ ಓದುತ್ತಿದ್ದರೆ ಸಾಕು.

ನಮ್ಮ ಹಿರಿಯರು ಸೋಡಾ ಕುಡಿದು ಹೊರಡಲು ಎದ್ದರು. ಕಟ್ಟೆಯ ಮೇಲೆ, ತಲೆಗೆ ಒಂದು ಮೊಳ ಎತ್ತರದಲ್ಲಿ, ಹಿತ್ತಾಳೆಯ ಗಂಟೆ ತೂಗುತ್ತಿತ್ತು. ನಾಲಗೆಗೆ ಕೆಂಪು ಹಗ್ಗ. ಗಂಟೆ ಕಂಡರೆ ಕೈ ಎತ್ತುವುದು ನಮ್ಮಂಥವರಿಗೆ ಯೋಚನೆ ಮಾಡಿ ಮಾಡುವ ಕೆಲಸವೇ? ಢಣ್ ಎಂದು ಬಾರಿಸಿದರು. ಸದ್ದು ಚೆನ್ನಾಗಿದೆ ಅನ್ನಿಸಿತೋ ಏನೋ, ಇನ್ನೊಮ್ಮೆ ಬಾರಿಸಿದರು. ಇಡೀ ಬಾರು ಹೋ ಎಂದು ಎದ್ದು ನಿಂತಿತು. ಹುಡುಗಿಯರು ಚಪ್ಪಾಳೆ ತಟ್ಟಿದರು, ನಾಯಿಮರಿಯ ಮುದುಕ ಬಂದು ನಮ್ಮವರ ಬೋಳು ತಲೆಗೆ ಮುತ್ತಿಟ್ಟ. ಹಿರಿಯರು ಗಾಬರಿಯಲ್ಲಿ ಎಲ್ಲರಿಗೂ ಕೈ ಮುಗಿದರು. ಅದನ್ನು ಒಪ್ಪಿಗೆಯೆಂದು ತಿಳಿದು ಗದ್ದಲ ಇನ್ನೂ ಹೆಚ್ಚಾಯಿತು. ಅಲ್ಲಿ ಗಂಟೆ ಬಾರಿಸಿದರೆ ಕುಳಿತವರಿಗೆಲ್ಲ ಒಂದು ಸುತ್ತು ನಿಮ್ಮ ಲೆಕ್ಕದಲ್ಲಿ. ಇಪ್ಪತ್ತಾರು ಜನರಿದ್ದರು. ಚೀಟಿ ಬಂತು: 4,120 ಬಾತ್. ನಮ್ಮ ಹಣದಲ್ಲಿ ಹತ್ತು ಸಾವಿರಕ್ಕೂ ಮೇಲೆ. ದೇವರ ಗಂಟೆಯಂತೆ ಬಾರಿಸಿದ್ದು ಎಂದು ವಿವರಿಸಲು ನೋಡಿದೆವು. ಕೇಳಿದವರೆಲ್ಲ ಇನ್ನಷ್ಟು ನಕ್ಕರು. ಎರಡು ಸಲ ಬಾರಿಸಿದ್ದಕ್ಕೆ ಎರಡು ಸುತ್ತಿನ ಹಣ ಕೇಳಲಿಲ್ಲವಲ್ಲ, ಅದು ಅವರ ದೊಡ್ಡತನ.

ಇನ್ನು ನನ್ನ ಕಥೆ. ಇದು ನಗುವಂಥದ್ದಲ್ಲ.

ಮದುವೆಯಲ್ಲಿ ಮಾವ ಹಾಕಿದ ಸರ, ಮೂರು ತೊಲ. ಮದುವೆಯಾದ ಮೇಲೆ ಕೊರಳಿನಿಂದ ತೆಗೆದದ್ದು ಎರಡೇ ಸಲ, ಎರಡೂ ಸಲ ಆಸ್ಪತ್ರೆಯಲ್ಲಿ. ಅಂಗಡಿಯ ಗಲ್ಲಾದ ಮೇಲೆ ಕುಳಿತವನ ಕೊರಳಿನಲ್ಲಿ ಚಿನ್ನ ಕಂಡರೆ ಗಿರಾಕಿಗೂ ನಂಬಿಕೆ, ಸಾಲ ಕೊಡುವವನಿಗೂ ನಂಬಿಕೆ. ಪ್ರವಾಸದಲ್ಲಿ ತೆಗೆದಿಡಬೇಕೆಂದು ಹೊಳೆಯಲೇ ಇಲ್ಲ. ಸೆಖೆಗೆ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದೆ.

ಎರಡನೆಯ ರಾತ್ರಿ ವಾಕಿಂಗ್ ಸ್ಟ್ರೀಟ್ ನೋಡಿದೆವು. ಪ್ಲಾಸ್ಟಿಕ್ ಹಾಳೆಯ ದರಪಟ್ಟಿ ಹಿಡಿದು ನಮಸ್ತೆ, ನಮಸ್ತೆ ಎನ್ನುತ್ತಾ ಮಹಡಿ ಮೇಲಿನ ಪ್ರದರ್ಶನಗಳಿಗೆ ಕರೆಯುವವರು. ಬಾಸ್, ಒಂದು ಸೂಟು ಹೊಲಿಸಿ ಎಂದು ಹಿಂದಿಯಲ್ಲಿ ಬೆನ್ನು ಹತ್ತುವ ದರ್ಜಿ ಅಂಗಡಿಯವರು. ಕೇಳದೆಯೇ ನಿಮ್ಮ ಹೆಗಲಿಗೆ ಉಡವೊಂದನ್ನು ಹತ್ತಿಸಿ ಫೋಟೋಕ್ಕೆ ಹಣ ಕೇಳುವವನು. ಹಾಳೆಯ ಮೇಲಿನ ದರ ನಂಬಿ ಮಹಡಿ ಹತ್ತಿದ ನಮ್ಮವರಿಬ್ಬರಿಗೆ ಇಳಿಯುವಾಗ ಬೇರೆಯದೇ ಲೆಕ್ಕ ಸಿಕ್ಕಿತು. ಅದರ ವಿವರ ಅವರು ನನಗೂ ಹೇಳಿಲ್ಲ.

ಬೀದಿಯಿಂದ ಹೊರಬಂದಲ್ಲಿ ಹುರಿದ ಹುಳುಗಳ ಗಾಡಿ ಇತ್ತು. ಮಿಡತೆ, ರೇಷ್ಮೆ ಹುಳು, ಬಿದಿರು ಹುಳು, ಕಡ್ಡಿಗೆ ಚುಚ್ಚಿದ ಚೇಳು, ಎಲ್ಲ ದೀಪದ ಬೆಳಕಿನಲ್ಲಿ ಎಣ್ಣೆ ಹೊಳೆಯುತ್ತಾ ಗುಡ್ಡೆಗುಡ್ಡೆಯಾಗಿ. ರೇಷ್ಮೆ ಬೆಳೆಯುವ ನಾಡಿನವರಾದ ನಾವು ಬೆರಗಾಗಿ ನಿಂತೆವು. ಗಾಡಿಗೆ ಒಂದು ಹಲಗೆ: ಫೋಟೋ 10 ಬಾತ್. ನಡುವಯಸ್ಸಿನ ಹೆಂಗಸು, ತಲೆಗೆ ಹೂವಿನ ಬಟ್ಟೆ, ಕೈಯಲ್ಲಿ ಪುಟ್ಟ ಸಿಂಪಡಿಕೆ ಬಾಟಲಿ. ಆಕೆ ನನ್ನನ್ನು ಕಂಡು ತನ್ನ ಕೊರಳು ಮುಟ್ಟಿಕೊಂಡಳು, ನನ್ನ ಸರದ ಕಡೆ ಬೆರಳು ತೋರಿಸಿದಳು, ಅಂಗೈಯನ್ನು ಎದೆಯ ಮೇಲೆ ಮೇಲಿನಿಂದ ಕೆಳಗೆ ಸರಿಸಿದಳು. ಸರ ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದುಕೊಂಡೆ. ನಕ್ಕು, ಇನ್ನಷ್ಟು ಕಾಣುವಂತೆ ಕಾಲರ್ ಸರಿಸಿದೆ. ಆಕೆ ತಲೆ ಅಲ್ಲಾಡಿಸಿ ಮಿಡತೆಗಳ ಕಡೆ ತಿರುಗಿದಳು.

ಅಲ್ಲಿಂದ ನೂರು ಹೆಜ್ಜೆ ಹೋಗಿರಲಿಲ್ಲ. ತೆಂಗಿನ ಮರಗಳ ಕೆಳಗೆ, ಕಡಲ ದಂಡೆಯ ಕಾಲುದಾರಿಯಲ್ಲಿ ಇಬ್ಬರು ಎದುರಾದರು. ಒಬ್ಬಳು ನನ್ನ ತೋಳು ಹಿಡಿದು ಏನೋ ಹೇಳಿ ನಕ್ಕಳು, ಇನ್ನೊಬ್ಬಳು ಹಳೆಯ ಪರಿಚಯದವಳಂತೆ ಕೊರಳಿಗೆ ಬಿದ್ದಳು. ನಾನು ಮಾಡಿದ್ದೇನು ಗೊತ್ತೇ? ಎರಡೂ ಕೈಯಿಂದ ಪ್ಯಾಂಟಿನ ಜೇಬು ಬಿಗಿಯಾಗಿ ಹಿಡಿದುಕೊಂಡೆ. ಹಾವೇರಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಕಲಿತ ಪಾಠ: ಯಾರಾದರೂ ಮೈಮೇಲೆ ಬಿದ್ದರೆ ಮೊದಲು ಪಾಕೀಟು. ಪಾಕೀಟು ಉಳಿಯಿತು. ಕತ್ತಿನ ಹಿಂಭಾಗದಲ್ಲಿ ಒಂದು ತಣ್ಣನೆಯ ಬೆರಳು ತಾಗಿದ ನೆನಪಿದೆ, ಬಳಿಕ ಸುಗಂಧದ ಘಾಟು, ಬಳಿಕ ಇಬ್ಬರೂ ಒಂದು ಬೈಕಿನ ಹಿಂದೆ. ಎಷ್ಟು ಹೊತ್ತು? ಒಂದು ಸೀನು ಸೀನುವಷ್ಟು. ಹೊಸದಾಗಿ ಬೆವರಿದ ಕತ್ತಿಗೆ ಗಾಳಿ ತಾಗಿದಾಗ ಅಲ್ಲಿ ಏನೂ ಇಲ್ಲ ಎಂದು ತಿಳಿಯಿತು.

ನಾನು ಕೂಗಿಕೊಂಡದ್ದು ಕನ್ನಡದಲ್ಲಿ. ಮೊದಲು ಓಡಿ ಬಂದವಳು ಹುಳು ಮಾರುವ ಹೆಂಗಸು. ಸ್ಟೂಲು ಹಾಕಿ ಕೂರಿಸಿದಳು, ಐಸ್ ನೀರು ಕೊಟ್ಟಳು, ತನ್ನ ಮೊಬೈಲಿನಲ್ಲಿ 1155 ಒತ್ತಿ ನನ್ನ ಕೈಗಿಟ್ಟಳು. ಅದು ಪ್ರವಾಸಿ ಪೊಲೀಸರ ಸಂಖ್ಯೆ, ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಹೋಗುವವರು ಈಗಲೇ ಬರೆದಿಟ್ಟುಕೊಳ್ಳಿ. ಆಕೆ ಮತ್ತೊಮ್ಮೆ ಅದೇ ಸನ್ನೆ ಮಾಡಿದಳು: ಕೊರಳು, ಅಂಗೈ, ಎದೆಯ ಮೇಲಿನಿಂದ ಕೆಳಕ್ಕೆ. ಸರವನ್ನು ಅಂಗಿಯೊಳಗೆ ಹಾಕಿಕೋ ಎಂದು. ಮೊದಲೇ ಹೇಳಿದ್ದಳು.

ಠಾಣೆಯಲ್ಲಿ ಅಧಿಕಾರಿ ಸಮಾಧಾನದಿಂದ ಬರೆದುಕೊಂಡರು. ಎಷ್ಟು ಬಾತ್ ಎಂದು ಕೇಳಿದರು. ಎರಡು ಲಕ್ಷ ರೂಪಾಯಿಗೂ ಮಿಕ್ಕಿದ ಮಾಲು, ಮನಸ್ಸಿನಲ್ಲೇ ಭಾಗಿಸಿ ಒಂದು ಲಕ್ಷ ಬಾತ್ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಥಾಯ್ಲೆಂಡಿನಲ್ಲಿ ಚಿನ್ನದ ತೂಕಕ್ಕೂ ಬಾತ್ ಎಂದೇ ಹೆಸರು. ಆಭರಣವಾದರೆ ಒಂದು ಬಾತ್‌ಗೆ 15.16 ಗ್ರಾಂ. ಒಂದು ಲಕ್ಷ ಬಾತ್ ಸರ ಹಾಕಿಕೊಂಡಿದ್ದೆ ಎಂದರೆ ಒಂದೂವರೆ ಟನ್. ಮೂವತ್ತು ಗ್ರಾಂ ಎಂದು ಬೆರಳು ಮಡಚಿ ತೋರಿಸಿದಾಗ ಎರಡು ಬಾತ್ ಎಂದು ಬರೆದುಕೊಂಡರು. ಮೂರು ತೊಲ ಎಂದು ಇಷ್ಟು ವರ್ಷ ಮೆರೆದದ್ದು ಕಾಗದದ ಮೇಲೆ ಎರಡು ಬಾತ್ ಆಗಿ ಕುಳಿತಿತು. ಅಂಗಡಿಯ ರಸೀದಿ ಇದೆಯೇ, ಸರ ಸ್ಪಷ್ಟವಾಗಿ ಕಾಣುವ ಫೋಟೋ ಇದೆಯೇ ಎಂದರು. ಮದುವೆಯ ಆಲ್ಬಂ ಊರಿನ ಕಪಾಟಿನಲ್ಲಿತ್ತು. ದೂರಿನ ಪ್ರತಿ ಥಾಯ್ ಲಿಪಿಯಲ್ಲಿದೆ, ಈಗ ನನ್ನ ಮೇಜಿನ ಗಾಜಿನ ಕೆಳಗಿದೆ. ಸರ ಸಿಕ್ಕಿಲ್ಲ.

ಮರುದಿನ ತಿಂಡಿಯ ಹೊತ್ತಿಗೆ ನಮ್ಮವರ ಬಾಯಲ್ಲಿ ಇಡೀ ಊರೇ ಕಳ್ಳರ ಊರಾಗಿತ್ತು. ಆ ನೀರಿನ ಲೋಟ ನೆನಪಿದ್ದ ನನಗೆ ಹಾಗನ್ನಲು ಬಾಯಿ ಬರಲಿಲ್ಲ. ಆದರೆ ಬೆಂದವನಿಗೆ ಬೂದಿಯೂ ಬೆಂಕಿ. ಜೋಮ್ತಿಯೆನ್ ಕಡಲತೀರದಲ್ಲಿ ನಮ್ಮ ತಂಡದ ಹುಡುಗರು ನೀರಿನ ಮೇಲೋಡುವ ಜೆಟ್ ಸ್ಕೀ ಬಾಡಿಗೆಗೆ ಕೇಳಿದಾಗ, ಬಾಡಿಗೆಗೆ ಕೊಡುವವನು ಅಡವಾಗಿ ಪಾಸ್‌ಪೋರ್ಟ್ ಕೊಡಿ ಎಂದದ್ದು ಕೇಳಿ ನಾನೇ ಅವರನ್ನು ಎಳೆದು ತಂದೆ. ಇದು ಹಳೆಯ ಆಟ. ಸವಾರಿ ಮುಗಿಸಿ ಬಂದ ಮೇಲೆ ಅಡಿಭಾಗದಲ್ಲಿ ಗೀರು ತೋರಿಸುತ್ತಾರೆ, ಹತ್ತಾರು ಸಾವಿರ ಬಾತ್ ಕೇಳುತ್ತಾರೆ, ಪಾಸ್‌ಪೋರ್ಟ್ ಅವರ ಕೈಯಲ್ಲಿರುತ್ತದೆ. ಹತ್ತಲೇಬೇಕೆಂದರೆ ಮೊದಲು ಅಡಿಭಾಗವೂ ಸೇರಿ ವಿಡಿಯೋ ಮಾಡಿಕೊಳ್ಳಿ, ಮೂಲ ಪಾಸ್‌ಪೋರ್ಟ್ ಯಾರಿಗೂ ಕೊಡಬೇಡಿ.

ಇನ್ನೊಂದು, ನಮ್ಮವರಿಗೆಂದೇ ಹೇಳಬೇಕಾದದ್ದು: ಇಸ್ಪೀಟು. ಹೋಟೆಲ್ ಕೋಣೆಯಲ್ಲಿ ರಮ್ಮಿಗೆ ಮೂರು ಕಟ್ಟು ಬಿಚ್ಚಿದ್ದರು. ಥಾಯ್ಲೆಂಡಿನ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ 120ಕ್ಕಿಂತ ಹೆಚ್ಚು ಎಲೆ ಇಟ್ಟುಕೊಳ್ಳುವುದೇ ಅಪರಾಧ. ಹಣ ಕಟ್ಟಿ ಆಡಿದರೆ ಅದು ಬೇರೆ ಅಪರಾಧ. 2016ರಲ್ಲಿ ಇದೇ ಪಟ್ಟಾಯದಲ್ಲಿ ಬ್ರಿಜ್ ಆಡುತ್ತಿದ್ದ 32 ವಿದೇಶಿಯರನ್ನು ಪೊಲೀಸರು ಹಿಡಿದೊಯ್ದಿದ್ದರು, ಅವರಲ್ಲಿ 84 ವರ್ಷದ ಅಜ್ಜಿಯೂ ಇದ್ದಳು. ಮಾರ್ಗದರ್ಶಿ ಇದನ್ನು ಹೇಳಿದಾಗ ನಮ್ಮವರು ಎಲೆಗಳನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟ ವೇಗವನ್ನು ನೀವು ನೋಡಬೇಕಿತ್ತು.

ಮನೆಯಲ್ಲಿ, ಸರದ ಕೊಂಡಿ ಸಡಿಲವಾಗಿದೆ, ಅಕ್ಕಸಾಲಿಗನಿಗೆ ಕೊಟ್ಟಿದ್ದೇನೆ ಎಂದು ಎರಡು ವಾರ ನಡೆಸಿದೆ. ಮೂರನೆಯ ವಾರ ಅಕ್ಕಸಾಲಿಗನ ಹೆಂಡತಿಯೇ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದಳು. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಯ ರಾತ್ರಿ ಒಬ್ಬನೇ ಆ ಗಾಡಿಯ ಬಳಿ ಹೋಗಿದ್ದೆ. ಸಸ್ಯಾಹಾರಿ ನಾನು, ಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆಕೆ ಮೊದಲು ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು. ಅಂಗಿಯ ಮೇಲಿನ ಗುಂಡಿ ಹಾಕಿತ್ತು. ಕೈ ಮುಗಿದು, ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಮೊಬೈಲ್ ತೋರಿಸಿದೆ. ಆಕೆ ನಗುತ್ತಲೇ ಹಲಗೆಯ ಕಡೆ ಬೆರಳು ತೋರಿಸಿದಳು. 10 ಬಾತ್ ಕೊಟ್ಟು ತೆಗೆದುಕೊಂಡೆ.