ಗೆಲ್ನರ್, ಆಂಡರ್ಸನ್, ಸ್ಮಿತ್: ಮೂರು ಭಾನುವಾರಕ್ಕೆ ಮೂರು ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ರಾಷ್ಟ್ರೀಯತೆ ಹುಟ್ಟಿದ ಬಗೆಯನ್ನು ವಿವರಿಸಿದ ಈ ಮೂವರಲ್ಲಿ ನನ್ನ ಮತ ಅರ್ನೆಸ್ಟ್ ಗೆಲ್ನರ್‌ಗೆ. ಕೊನೆಯ ಸಾಲಿನವರೆಗೆ ತಕ್ಕಡಿ ಹಿಡಿದು ನಿಂತಂತೆ ನಟಿಸುವುದು ನನ್ನಿಂದಾಗದು.

ನಮ್ಮ ಓದುಬಳಗದವರು ಕಳೆದ ಮಳೆಗಾಲದಲ್ಲಿ ‘ರಾಷ್ಟ್ರೀಯತೆಯ ಸಿದ್ಧಾಂತಗಳು ಬೆಳೆದುಬಂದ ಬಗೆ’ ಎಂಬ ವಿಷಯವನ್ನು ನನ್ನ ಕೊರಳಿಗೆ ಕಟ್ಟಿದರು. ಮೂರು ಭಾನುವಾರ, ದಿನಕ್ಕೊಂದು ಗಂಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಪಾಠ ಮಾಡಿದವನು ನಾನು. ಇಟಲಿಯ ಏಕೀಕರಣ, ಜರ್ಮನಿಯ ಏಕೀಕರಣ ಎಂದು ಕಪ್ಪುಹಲಗೆಯ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಏಕೀಕರಣವಾಗಬೇಕು ಎಂದು ಜನರಿಗೆ ಅನ್ನಿಸಿದ್ದಾದರೂ ಏಕೆ ಎಂದು ಯಾವ ಹುಡುಗನೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಪಿಂಚಣಿಯಲ್ಲಿ 2,000 ರೂಪಾಯಿ ತೆಗೆದಿಟ್ಟು ಮೂರು ಪುಸ್ತಕ ತರಿಸಿದೆ: ಗೆಲ್ನರ್ ಅವರ ‘ನೇಷನ್ಸ್ ಅಂಡ್ ನ್ಯಾಷನಲಿಸಂ’, ಬೆನೆಡಿಕ್ಟ್ ಆಂಡರ್ಸನ್ ಅವರ ‘ಇಮ್ಯಾಜಿನ್ಡ್ ಕಮ್ಯೂನಿಟೀಸ್’, ಆಂಟನಿ ಸ್ಮಿತ್ ಅವರ ‘ದಿ ಎಥ್ನಿಕ್ ಒರಿಜಿನ್ಸ್ ಆಫ್ ನೇಷನ್ಸ್’. ಮೊದಲೆರಡೂ 1983ರಲ್ಲೇ ಬಂದವು, ಮೂರನೆಯದು 1986ರಲ್ಲಿ.

ಅದಕ್ಕೂ ಹಿಂದಿನವರನ್ನು ಮೊದಲ ಭಾನುವಾರದ ಕಾಲು ಗಂಟೆಯಲ್ಲಿ ಮುಗಿಸಿದೆ. 1882ರಲ್ಲಿ ಪ್ಯಾರಿಸ್ಸಿನ ವಿಶ್ವವಿದ್ಯಾಲಯ ಸೊರ್ಬಾನ್‌ನಲ್ಲಿ ಭಾಷಣ ಮಾಡಿದ ಫ್ರೆಂಚ್ ಪಂಡಿತ ರೆನಾನ್‌ಗೆ ರಾಷ್ಟ್ರವೆಂದರೆ ದಿನನಿತ್ಯದ ಜನಮತ, ಒಟ್ಟಿಗೆ ಬಾಳುತ್ತೇವೆಂದು ಜನ ದಿನದಿನವೂ ಹಾಕುವ ಓಟು. 1944ರಲ್ಲಿ ಬರೆದ ಚರಿತ್ರಕಾರ ಹ್ಯಾನ್ಸ್ ಕೋನ್‌ಗೆ ಪಶ್ಚಿಮದ ರಾಷ್ಟ್ರೀಯತೆ ಒಳ್ಳೆಯದು, ಪೂರ್ವದ್ದು ಅಪಾಯಕಾರಿ. 1960ರಲ್ಲಿ ಬರೆದ ಎಲಿ ಕೆಡೂರಿಗೆ ಅದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಹುಟ್ಟಿದ ಒಂದು ತಪ್ಪು ವಿಚಾರ, ಅಷ್ಟೆ. ಬಾಗ್ದಾದಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕಲಿಸಿದ ಕೆಡೂರಿಯ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದು ತಪ್ಪು ವಿಚಾರ ಊರೂರಿಗೆ ಹಬ್ಬಿದ್ದು ಹೇಗೆ ಎಂಬುದನ್ನು ಸಿಟ್ಟು ವಿವರಿಸುವುದಿಲ್ಲ.

ಗೆಲ್ನರ್ ವಿವರಿಸುತ್ತಾರೆ. ಬೇಸಾಯದ ಸಮಾಜಕ್ಕೆ ಎಲ್ಲರೂ ಒಂದೇ ಭಾಷೆ ಆಡಬೇಕೆಂಬ ಹಂಗಿಲ್ಲ. ದೊರೆಗೆ ಕಂದಾಯ ಬಂದರೆ ಸಾಕು. ಕೈಗಾರಿಕೆಯ ಸಮಾಜದಲ್ಲಿ ಮನುಷ್ಯ ಕೆಲಸದಿಂದ ಕೆಲಸಕ್ಕೆ, ಊರಿಂದ ಊರಿಗೆ ಹೋಗುತ್ತಾನೆ, ಅಪರಿಚಿತರ ಜೊತೆ ಬರಹದಲ್ಲಿ ವ್ಯವಹರಿಸುತ್ತಾನೆ. ಅದಕ್ಕೆ ಬೇಕಾದ ಏಕರೂಪದ ಭಾಷೆಯನ್ನು ಮನೆ ಕಲಿಸಲಾರದು, ಶಾಲೆಯೇ ಕಲಿಸಬೇಕು; ಅಷ್ಟು ಶಾಲೆಗಳನ್ನು ಸರ್ಕಾರ ಮಾತ್ರ ನಡೆಸಬಲ್ಲದು. ಹಾಗಾಗಿ ಭಾಷೆಗೂ ಸರ್ಕಾರಕ್ಕೂ ಗಂಟು ಬೀಳುತ್ತದೆ. ಆಧುನಿಕ ಸಮಾಜದ ಬುಡದಲ್ಲಿ ನಿಂತಿರುವವನು ಗಲ್ಲಿಗೇರಿಸುವವನಲ್ಲ, ಪ್ರಾಧ್ಯಾಪಕ ಎನ್ನುತ್ತಾರೆ ಅವರು. ಹೈಸ್ಕೂಲು ಮಾಸ್ತರನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಎಲ್ಲಿ ಸಿಗಬೇಕು? ನನ್ನ ಪಕ್ಷಪಾತದ ಅರ್ಧ ಕಾರಣ ಆ ಸಾಲೇ ಇರಬಹುದು.

ಉಳಿದರ್ಧ ನನ್ನ ಮೂರನೆಯ ತರಗತಿಯ ಕಾಪಿ ಪುಸ್ತಕದಲ್ಲಿದೆ. ಮನೆಯ ಬಗ್ಗೆ ಐದು ಸಾಲು ಬರೆಯಿರಿ ಎಂದಿದ್ದರು. ‘ನಮ್ಮ ಅವ್ವ’ ಎಂದು ಶುರು ಮಾಡಿದ್ದೆ. ಮಾಸ್ತರು ಕೆಂಪು ಶಾಯಿಯಲ್ಲಿ ‘ಅವ್ವ’ನಿಗೆ ಗೀಟು ಹಾಕಿ ಮೇಲೆ ‘ತಾಯಿ’ ಎಂದು ಬರೆದರು. ಸಂಜೆ ಅದನ್ನು ಅವ್ವನಿಗೆ ತೋರಿಸಿದೆ. ಆಕೆಗೆ ಓದಲು ಬರುತ್ತಿರಲಿಲ್ಲ, ಕೆಂಪು ಅಕ್ಷರ ಚಂದ ಇದೆ ಎಂದಳು. ಮುಂದೆ ನಾನೇ ಮಾಸ್ತರನಾಗಿ ಅದೆಷ್ಟು ಮಕ್ಕಳ ಅವ್ವಂದಿರಿಗೆ ಗೀಟು ಹಾಕಿದೆನೋ! ಗೆಲ್ನರ್ ಉದಾಹರಣೆಗೆ ಬಳಸುವ ರುರಿಟೇನಿಯ ಎಂಬ ಕಲ್ಪನೆಯ ನಾಡಿನ ರೈತರ ಮಕ್ಕಳು ಸಾಮ್ರಾಜ್ಯದ ಪಟ್ಟಣಕ್ಕೆ ದುಡಿಯಲು ಹೋಗಿ, ಕಚೇರಿಯ ಕಿಟಕಿಯಲ್ಲಿ ತಮ್ಮ ಮಾತು ನಡೆಯದೆ ಹಿಂದಿರುಗಿ, ತಮಗೂ ಒಂದು ರಾಷ್ಟ್ರವಿದೆ ಎಂದು ಕಂಡುಕೊಳ್ಳುವ ಪುಟಗಳನ್ನು ಓದುವಾಗ ನನಗೆ ಬೇರೆ ಟಿಪ್ಪಣಿ ಬೇಕಾಗಲಿಲ್ಲ.

ಜೊತೆಗೆ ಈ ಗೆಲ್ನರ್ ಎಂಬ ಮನುಷ್ಯನಿಗೆ ನಗಲು ಬರುತ್ತದೆ. ಎದ್ದೇಳಿ ಎಂದು ಚರಿತ್ರೆ ದುಡಿಯುವ ವರ್ಗಗಳಿಗೆ ಬರೆದಿದ್ದ ಕಾಗದ ಅಂಚೆಯವನ ಎಡವಟ್ಟಿನಿಂದ ರಾಷ್ಟ್ರಗಳ ಮನೆಗೆ ಮುಟ್ಟಿತು ಎಂಬುದು ಮಾರ್ಕ್ಸ್‌ವಾದಿಗಳ ಸಮಾಧಾನ ಎಂದು ಅವರು ಕಾಲೆಳೆಯುತ್ತಾರೆ. ನಮ್ಮ ಬಳಗದ ಇಬ್ಬರು ಹಳೆಯ ಕಾಮ್ರೇಡರೂ ಅದಕ್ಕೆ ನಕ್ಕರು.

ಇನ್ನು ಆಂಡರ್ಸನ್. ಇಲ್ಲಿಯೇ ನನಗೆ ಪೆಟ್ಟು ಬಿದ್ದದ್ದು. ಹೊಸ ಪ್ರತಿ ತುಟ್ಟಿಯೆನಿಸಿ, ಹಳೆ ಪುಸ್ತಕ ಮಾರುವ ಒಬ್ಬರಿಂದ ಆನ್‌ಲೈನ್‌ನಲ್ಲಿ 350 ರೂಪಾಯಿಗೆ ತರಿಸಿದೆ. ಮುಖಪುಟ ಗಟ್ಟಿಯಾಗಿತ್ತು, ಹಾಳೆಗಳು ಹಳದಿಯಾಗಿದ್ದರೂ ಅಕ್ಷರ ಸ್ಪಷ್ಟವಾಗಿತ್ತು. ಲಾಭದ ವ್ಯಾಪಾರವೆಂದು ಬೀಗಿದೆ. ಎರಡನೆಯ ಭಾನುವಾರದ ವಿಷಯ ‘ಜನಗಣತಿ, ಭೂಪಟ, ವಸ್ತುಸಂಗ್ರಹಾಲಯ’ ಎಂದು ಬಳಗದ ಫಲಕದ ಮೇಲೆ ಬರೆಸಿಯೂ ಆಗಿತ್ತು. ಆ ಅಧ್ಯಾಯವೇ ಪುಸ್ತಕದ ಜೀವ ಎಂದು ಬಲ್ಲವರೊಬ್ಬರು ಹೇಳಿದ್ದರು. ಗುರುವಾರ ರಾತ್ರಿ ಓದುತ್ತ ಓದುತ್ತ ಒಂಬತ್ತನೆಯ ಅಧ್ಯಾಯಕ್ಕೆ ಬಂದೆ. ಪುಟ ತಿರುವಿದರೆ ಗ್ರಂಥಸೂಚಿ. ಜನಗಣತಿಯೂ ಇಲ್ಲ, ಭೂಪಟವೂ ಇಲ್ಲ.

ಹಾಳೆ ಕಿತ್ತುಹೋಗಿರಬೇಕು ಎಂದುಕೊಂಡು ಹೊಲಿಗೆ ತಡವಿ ನೋಡಿದೆ, ಏನೂ ಕಿತ್ತಿರಲಿಲ್ಲ. ನನ್ನ ಕೈಯಲ್ಲಿದ್ದುದು 1983ರ ಮೊದಲ ಆವೃತ್ತಿ. ಜನಗಣತಿಯ ಅಧ್ಯಾಯವನ್ನೂ ನೆನಪು ಮತ್ತು ಮರೆವಿನ ಬಗೆಗಿನ ಇನ್ನೊಂದನ್ನೂ ಆಂಡರ್ಸನ್ ಸೇರಿಸಿದ್ದು 1991ರ ಪರಿಷ್ಕೃತ ಆವೃತ್ತಿಯಲ್ಲಿ. ಮಾರಿದವರಿಗೆ ಫೋನ್ ಮಾಡಿದರೆ, “ಹೆಸರು ಅದೇ, ಲೇಖಕರೂ ಅವರೇ, ನಿಮಗೆ ಇನ್ನೇನು ಬೇಕು?” ಎಂದರು. ಮೊದಲ ಆವೃತ್ತಿಗೆ ಹೆಚ್ಚು ಬೆಲೆ ಹಾಕಬೇಕಿತ್ತು ಎಂದೂ ಸೇರಿಸಿದರು! ಕೊನೆಗೆ ವಿಶ್ವವಿದ್ಯಾಲಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ರಂಥಾಲಯದ ಪ್ರತಿಯಿಂದ ನಲವತ್ತು ಚಿಲ್ಲರೆ ಪುಟಗಳ ಫೋಟೋ ತೆಗೆದು ಮೊಬೈಲಿಗೆ ಕಳುಹಿಸಿದ. ಪ್ರತಿ ಪುಟದ ಮೂಲೆಯಲ್ಲಿ ಅವನ ಹೆಬ್ಬೆರಳು. ಶನಿವಾರ ಅದನ್ನು ಪ್ರಿಂಟ್ ಹಾಕಿಸಲು ಕೊಟ್ಟದ್ದು ಸೇರಿಸಿದರೆ ಉಳಿತಾಯವೆಲ್ಲ ಅಲ್ಲಿಗೆ ಸರಿಹೋಯಿತು. ತರಿಸುವವರು ಪ್ರಕಟಣೆಯ ಪುಟದ ಫೋಟೋ ಕೇಳಿ, 1991ರ ನಂತರದ್ದೆಂದು ಖಾತ್ರಿ ಮಾಡಿಕೊಳ್ಳಿ.

ಇಷ್ಟು ಗೋಳಾಡಿದ ಮೇಲೆ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಮೂರು ಭಾನುವಾರಗಳಲ್ಲಿ ಬಳಗ ಅತಿ ಹೆಚ್ಚು ಮಾತನಾಡಿದ್ದು ಆ ಹೆಬ್ಬೆರಳಿನ ಪುಟಗಳ ಬಗ್ಗೆಯೇ. ಜನಗಣತಿಯ ಕಟ್ಟುಕತೆ ಏನೆಂದರೆ ಪ್ರತಿಯೊಬ್ಬನಿಗೂ ಅದರಲ್ಲಿ ಒಂದು ಜಾಗವಿದೆ, ಒಂದೇ ಒಂದು ಜಾಗ, ಅರ್ಧ ಪಾಲು ಕಾಲು ಪಾಲು ಇಲ್ಲ ಎನ್ನುತ್ತಾರೆ ಆಂಡರ್ಸನ್. ಅವರ ಉದಾಹರಣೆ ಬ್ರಿಟಿಷರ ಆಳ್ವಿಕೆಯ ಮಲಯ, ಇಂದಿನ ಮಲೇಷ್ಯದ ಸೀಮೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಲೆಕ್ಕಕ್ಕೆ ಮರಾಠಿ ಬಳಸುವ ನಮ್ಮ ಸದಸ್ಯರೊಬ್ಬರು, ಗಣತಿಯವರು ಬಂದಾಗ ಮಾತೃಭಾಷೆಯ ಖಾನೆಯ ಮುಂದೆ ತಾವು ಎಷ್ಟು ಹೊತ್ತು ನಿಂತರು ಎಂದು ಹೇಳಿದರು.

ಮರೆವಿನ ಅಧ್ಯಾಯದಲ್ಲಿ ರೆನಾನ್ ಮತ್ತೆ ಬರುತ್ತಾರೆ. ಪ್ರತಿಯೊಬ್ಬ ಫ್ರೆಂಚ್ ಪ್ರಜೆಯೂ ಸಂತ ಬಾರ್ಥೊಲೊಮ್ಯು ದಿನದ ಹತ್ಯಾಕಾಂಡವನ್ನು, ಹದಿಮೂರನೆಯ ಶತಮಾನದ ದಕ್ಷಿಣದ ಕೊಲೆಗಳನ್ನು ಮರೆತಿರಬೇಕು ಎಂದಿದ್ದರು ಅವರು. ಮೊದಲನೆಯದು 1572ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಪ್ರೊಟೆಸ್ಟೆಂಟರ ಕಗ್ಗೊಲೆ. ಎರಡನೆಯದು ಪೋಪರ ಕರೆಯಂತೆ ಕ್ಯಾಥರ್ ಎಂಬ ಭಿನ್ನಮತೀಯ ಕ್ರೈಸ್ತ ಪಂಥದವರ ಮೇಲೆ ನಡೆದ ದಂಡಯಾತ್ರೆ. ಆಂಡರ್ಸನ್ ಹಿಡಿದದ್ದು ಕ್ರಿಯಾಪದವನ್ನು. ರೆನಾನ್ ‘ಮರೆಯಬೇಕು’ ಎನ್ನಲಿಲ್ಲ. ‘ಮರೆತಿರಬೇಕು’ ಎಂದರು. ಅದೂ, ಆ ಘಟನೆಗಳು ಏನೆಂದು ಒಂದು ಮಾತೂ ವಿವರಿಸದೆ! ಅಂದರೆ ಮರೆತಿರಬೇಕಾದವರಿಗೆಲ್ಲ ಅದು ಚೆನ್ನಾಗಿ ನೆನಪಿದೆ ಎಂಬ ಭರವಸೆಯಿಂದ.

ಇದನ್ನು ಕನ್ನಡದಲ್ಲಿ ಹೇಳುವಾಗ ನನಗೆ ರೋಮಾಂಚನವಾಯಿತು. ನಮ್ಮ ‘ಮರೆತಿರಬೇಕು’ ಎಂಬುದಕ್ಕೂ ಎರಡು ಮುಖ. ‘ಅವನು ಕೊಡೆಯನ್ನು ಬಸ್ಸಿನಲ್ಲೇ ಮರೆತಿರಬೇಕು’ ಎಂದರೆ ಊಹೆ. ‘ಪರೀಕ್ಷೆಗೆ ಬರುವಾಗ ಮನೆಯ ಜಗಳವನ್ನು ಮರೆತಿರಬೇಕು’ ಎಂದರೆ ಕಟ್ಟಳೆ. ಎರಡನ್ನೂ ಒಂದೇ ಪದದಲ್ಲಿ ಹೊತ್ತ ವಾಕ್ಯ ಅದು. ಶಾಲೆಯ ಚರಿತ್ರೆ ಪುಸ್ತಕ ಮಾಡುವ ಕೆಲಸವೂ ಅದೇ: ಬೇರೆ ಬೇರೆ ಭಾಷೆಯ, ಬೇರೆ ಬೇರೆ ದೊರೆಗಳ ಜನರು ಪರಸ್ಪರ ಕೊಂದದ್ದನ್ನು ಅಣ್ಣತಮ್ಮಂದಿರ ಜಗಳವೆಂದು ಮಕ್ಕಳಿಗೆ ನೆನಪಿಸುವುದು. ನಾನು ಮೂವತ್ತು ವರ್ಷ ನೆನಪಿಸಿದ್ದೇನೆ.

ಹಾಗಾದರೆ ಆಂಡರ್ಸನ್ ಎರಡನೆಯ ಸ್ಥಾನಕ್ಕೆ ಏಕೆ? ಬರಹದ ಚೆಲುವಿಗೆ ಅವರನ್ನು ಮೀರಿಸುವವರಿಲ್ಲ, ಆದರೆ ಪುಸ್ತಕ ಮುಚ್ಚಿದ ಮೇಲೆ ವಾದವನ್ನು ನಾಲ್ಕು ಸಾಲಿನಲ್ಲಿ ಹೇಳಿ ಎಂದರೆ ಕೈ ತಡಕಾಡುತ್ತದೆ. ಲಾಭಕ್ಕಾಗಿ ಜನರ ನುಡಿಯಲ್ಲಿ ಪುಸ್ತಕ ಅಚ್ಚುಹಾಕಿ ಮಾರುವ ‘ಮುದ್ರಣ ಬಂಡವಾಳಶಾಹಿ’, ಪತ್ರಿಕೆ ಓದುವ ಅಪರಿಚಿತರು, ಅಜ್ಞಾತ ಯೋಧನ ಸಮಾಧಿ ಎಲ್ಲವೂ ಮಿನುಗುತ್ತವೆ, ಒಂದು ದಾರಕ್ಕೆ ಪೋಣಿಸುವ ಹೊಣೆ ಓದುಗನದ್ದು. ಅನುವಾದದ ತೊಡಕು ಬೇರೆ. ‘ಕಲ್ಪಿತ ಸಮುದಾಯ’ ಎಂದೊಡನೆ ಸಭೆಯಲ್ಲಿ ಒಬ್ಬರು ಎದ್ದು, “ಅಂದರೆ ರಾಷ್ಟ್ರವೆಲ್ಲ ಸುಳ್ಳೇನು ಸರ್?” ಎಂದರು. ಒಬ್ಬರನ್ನೊಬ್ಬರು ಎಂದೂ ನೋಡದ ಜನ ತಾವು ಒಂದೆಂದು ಮನಸ್ಸಿನಲ್ಲಿ ಕಂಡುಕೊಳ್ಳುವುದು ಬೇರೆ, ಕಟ್ಟುಕತೆ ಬೇರೆ ಎಂದು ತಿಳಿಸುವಷ್ಟರಲ್ಲಿ ಚಹಾ ತಣ್ಣಗಾಯಿತು. ಗೆಲ್ನರ್ ಈ ಎರಡನ್ನೂ ಕಲಸಿಬಿಟ್ಟರು ಎಂದು ಸ್ವತಃ ಆಂಡರ್ಸನ್ ದೂರಿದ್ದಾರೆ. ಆ ದೂರು ನ್ಯಾಯವಾದದ್ದೇ.

ಸ್ಮಿತ್ ಗೆಲ್ನರ್ ಅವರ ಬಳಿಯೇ ಸಂಶೋಧನೆ ಮಾಡಿ, ಗುರುವಿನ ಎದುರೇ ನಿಂತವರು. ರಾಷ್ಟ್ರ ಹೊಸದಿರಬಹುದು, ಆದರೆ ಅದರ ತಳದಲ್ಲಿ ಹಳೆಯ ಜನಸಮುದಾಯದ ಹೆಸರು, ಪುರಾಣ, ನೆನಪುಗಳಿವೆ ಎನ್ನುವ ವಾದ. ಬರವಣಿಗೆ ಒಣ. ಆದರೂ ಸಭೆ ಅವರ ಕಡೆಗೇ ವಾಲಿತು. ಲಕ್ಷ್ಮೇಶ್ವರದ ಹುಡುಗನೊಬ್ಬ ಎದ್ದು, “ಸರ್, ಕವಿರಾಜಮಾರ್ಗದಲ್ಲಿ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದಿದೆ. ನಮ್ಮ ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ, ತಿರುಳ್ಗನ್ನಡದ ಊರು ಎಂದಿದೆ. ಒಂಬತ್ತನೆಯ ಶತಮಾನದ್ದು. ಗೆಲ್ನರ್ ಇದಕ್ಕೆ ಏನು ಹೇಳುತ್ತಾರೆ?” ಎಂದ. ಚಪ್ಪಾಳೆ ಬಿತ್ತು.

ಗೆಲ್ನರ್ ಪರವಾಗಿ ನಾನೇ ಉತ್ತರ ಕೊಡಬೇಕಾಯಿತು. ಅವರ ವ್ಯಾಖ್ಯೆಯ ಪ್ರಕಾರ ರಾಷ್ಟ್ರೀಯತೆ ಎಂದರೆ ರಾಜ್ಯದ ಗಡಿಯೂ ಜನದ ಗಡಿಯೂ ಒಂದಾಗಬೇಕೆಂಬ ಹಟ. ಆ ಹಟ ಅಮೋಘವರ್ಷನ ಆಸ್ಥಾನದಲ್ಲಿ ಇರಲಿಲ್ಲ. ರಾಷ್ಟ್ರಕೂಟರ ಆಳ್ವಿಕೆ ಗೋದಾವರಿ ದಾಟಿ ಉತ್ತರಕ್ಕೆ ಹರಡಿತ್ತು, ಗುಜರಾತಿನಲ್ಲಿ ಅವರದೇ ಶಾಖೆಯಿತ್ತು. ಕನ್ನಡ ನಾಡಿಗೂ ತನ್ನ ರಾಜ್ಯಕ್ಕೂ ಅಳತೆ ಕೂಡುವುದಿಲ್ಲವೆಂದು ದೊರೆ ಕೊರಗಲಿಲ್ಲ. ಆಗ ‘ರಾಷ್ಟ್ರ’ವೆಂದರೆ ಆಡಳಿತದ ಒಂದು ವಿಭಾಗ, ಅದರ ಅಧಿಕಾರಿಯೇ ರಾಷ್ಟ್ರಪತಿ! ಆ ಪದ್ಯ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದದ್ದು 1898ರಲ್ಲಿ. ನಾಡಗೀತೆಯಂತೆ ಎಲ್ಲರ ಬಾಯಿಗೆ ಬಂದದ್ದು ಅದರ ನಂತರ. ಹುಡುಗ ಬಿಡಲಿಲ್ಲ: “ಅಚ್ಚು ಹಾಕಲು ಏನಾದರೂ ಇರಬೇಕಲ್ಲ ಸರ್?” ಅದು ಸ್ಮಿತ್ ಅವರ ಇಡೀ ಪುಸ್ತಕಕ್ಕಿಂತ ಚೆನ್ನಾದ ಸ್ಮಿತ್.

ಗುರು ಗೆಲ್ನರ್, ಶಿಷ್ಯ ಸ್ಮಿತ್ ಇದೇ ಜಗಳವನ್ನು 1995ರ ಅಕ್ಟೋಬರ್ 24ರಂದು ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಎದುರುಬದುರು ಕುಳಿತು ಆಡಿದ್ದರು. ಗೆಲ್ನರ್ ಕೇಳಿದ್ದು ಬೈಬಲಿನ ಆದಮನ ಹೊಕ್ಕುಳಿನ ಪ್ರಶ್ನೆ. ದೇವರು ನೇರವಾಗಿ ಸೃಷ್ಟಿಸಿದವನಿಗೆ ಹೊಕ್ಕುಳು ಏಕೆ? ಕೆಲವು ರಾಷ್ಟ್ರಗಳಿಗೆ ಹಳೆಯ ಹೊಕ್ಕುಳಿದೆ, ಅಂದರೆ ಹಿಂದಿನ ಕಾಲದ ಜೊತೆ ನಿಜವಾದ ನಂಟಿದೆ; ಕೆಲವು ಮಾಡಿಸಿಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತಮಗೊಂದು ಹೆಸರೂ ಇಲ್ಲದ ಎಸ್ಟೋನಿಯದವರು ಅದಿಲ್ಲದೆಯೂ ರಾಷ್ಟ್ರವಾದರು ಎಂದರು. ಹನ್ನೆರಡು ದಿನಗಳ ನಂತರ ಅವರು ತೀರಿಕೊಂಡರು.

ಗೆಲ್ನರ್‌ನಲ್ಲೂ ಒಂದು ತೂತಿದೆ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ 1890ರಲ್ಲಿ ಅಲ್ಲಿ ಯಾವ ಕೈಗಾರಿಕಾ ಸಮಾಜವಿತ್ತು? ಕಾರ್ಖಾನೆಗಿಂತ ಮೊದಲೇ ಶಾಲೆ ಬಂದಿತ್ತು, ಮರಾಠಿ ಮೆರೆಯುತ್ತಿದ್ದ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದಿದ್ದರು. ಮೇಲಾಗಿ ನಮ್ಮವರು ಕೇಳಿದ್ದು ಬೇರೆ ರಾಷ್ಟ್ರವನ್ನಲ್ಲ, ಭಾರತದೊಳಗೆ ಒಂದು ರಾಜ್ಯವನ್ನು. ಶಾಲೆ ಮತ್ತು ಗುಮಾಸ್ತನ ನೌಕರಿ ಎಂಬ ಅರ್ಧ ಸಿದ್ಧಾಂತ ನಮಗೆ ಹೊಂದುತ್ತದೆ, ಕಾರ್ಖಾನೆಯ ಅರ್ಧ ಹೊಂದುವುದಿಲ್ಲ.

ಎರವಲು ತಂದು ನೋಡಿದ ಇನ್ನಿಬ್ಬರು: ಬ್ರಿಟಿಷ್ ಚರಿತ್ರಕಾರ ಎರಿಕ್ ಹಾಬ್ಸ್‌ಬಾಮ್‌ರ 1990ರ ಪುಸ್ತಕದಲ್ಲಿ, ಇಟಲಿ ಒಂದಾದಾಗ ದಿನಬಳಕೆಗೆ ಇಟಾಲಿಯನ್ ಆಡುತ್ತಿದ್ದವರು ನೂರಕ್ಕೆ ಎರಡೂವರೆ ಮಂದಿ ಎಂಬ ಅಂದಾಜಿದೆ, ಅದೊಂದೇ ಅಂಕಿಗೆ ಓದಬಹುದು. ರಾಷ್ಟ್ರೀಯತೆಯ ಕಾಲ ಇಳಿಮುಖವಾಗುತ್ತಿದೆ ಎಂದು ಅವರು ಬರೆದ ಮರುವರ್ಷವೇ ಸೋವಿಯತ್ ಒಕ್ಕೂಟ ಹದಿನೈದು ಹೋಳಾಯಿತು. ಪಾರ್ಥ ಚಟರ್ಜಿಯವರು ಆಂಡರ್ಸನ್‌ಗೆ ಹಾಕಿದ ಪ್ರಶ್ನೆ ಚೂಪಾಗಿದೆ: ರಾಷ್ಟ್ರ ಕಟ್ಟುವ ಅಚ್ಚುಗಳನ್ನೆಲ್ಲ ಯುರೋಪು, ಅಮೆರಿಕಗಳೇ ಎರಕ ಹೊಯ್ದಿಟ್ಟಿದ್ದರೆ, ವಸಾಹತಿನವರಾದ ನಾವು ಕಲ್ಪಿಸಿಕೊಳ್ಳಲು ಉಳಿದದ್ದೇನು?

ನನ್ನ ಲೆಕ್ಕ ಸರಳ. ನಾನು ಓದುವುದು ಬಸ್ಸಿನಲ್ಲಿ, ಪೆನ್ಸಿಲ್ ಹಿಡಿದು. ಗೆಲ್ನರ್ ಸುಮಾರು ನೂರೈವತ್ತು ಪುಟ, ಅಂಗಿಯ ಜೇಬಿಗೆ ಅಲ್ಲದಿದ್ದರೂ ಚೀಲದ ಹೊರ ಜೇಬಿಗೆ ಹಿಡಿಯುತ್ತದೆ. ಗ್ರಂಥಾಲಯ ಹತ್ತಿರವಿದ್ದರೆ ಸ್ಮಿತ್‌ಗೆ ದುಡ್ಡು ಹಾಕಬೇಡಿ. ಆಂಡರ್ಸನ್ ಕೊಳ್ಳಿ, ಆವೃತ್ತಿ ನೋಡಿ ಕೊಳ್ಳಿ. ನನ್ನ ಪ್ರತಿಯಲ್ಲಿ ಹೆಬ್ಬೆರಳಿನ ಪುಟಗಳನ್ನು ಮಡಚಿ ಕೊನೆಗೆ ತುರುಕಿದ್ದೆ. ಅದಕ್ಕೇ ಬೆನ್ನು ಸೀಳಿತು. ಲಕ್ಷ್ಮೇಶ್ವರದ ಹುಡುಗ ಅದನ್ನು ಹಾಗೆಯೇ ರಬ್ಬರ್ ಬ್ಯಾಂಡ್ ಹಾಕಿಕೊಂಡು ಒಯ್ದಿದ್ದಾನೆ. ಗೆಲ್ನರ್ ಪುಸ್ತಕವನ್ನೂ ಕೇಳಿದ, ನಾನು ಕೊಡಲಿಲ್ಲ.