ಹಳೇ ಜರ್ಮನ್ ಕೋವಿಗೆ ಯಾವ ತೋಟಾ? ಸೂಲ್ ಊರಿನ ಒಂದು ಅಂಗಡಿ ಬಗ್ಗೆ

ತೋಟಾ ಕೇಳಿಕೊಂಡು ಹೋದರೆ ಈ ಅಂಗಡಿಯವರು ಮೊದಲು ತೋಟಾ ಕೊಡಲ್ಲ. ಕೋವಿ ಬಿಚ್ಚಿ ಅಂತಾರೆ. ಜರ್ಮನಿಯ ಥುರಿಂಗಿಯಾದಲ್ಲಿರುವ ಸೂಲ್ ಅಂದರೆ ಸಾವರ್, ಮೆರ್ಕೆಲ್, ಸಿಮ್ಸನ್ ಕೋವಿಗಳು ತಯಾರಾದ ಊರು. ಅಲ್ಲಿನ ಒಂದು ಸಣ್ಣ ಕೋವಿ ರಿಪೇರಿ ಅಂಗಡಿ ಇದು.

ನನ್ನದು 12 ಗೇಜಿನ (ಗೇಜ್ ಅಂದರೆ ನಳಿಗೆಯ ರಂಧ್ರದ ಅಳತೆ) ಜೋಡಿ ನಳಿಗೆಯ ಕೋವಿ. ನಳಿಗೆಯ ಅಡಿಯಲ್ಲಿ '3 27' ಅಂತ ಒತ್ತಿದ್ದಾರೆ, ಅಂದರೆ 1927ರ ಮಾರ್ಚ್‌ನಲ್ಲಿ ಪ್ರೂಫ್, ಅಂದರೆ ಒತ್ತಡ ತಡೆಯುತ್ತಾ ಅನ್ನೋ ಪರೀಕ್ಷೆ, ಆಗಿದೆ. ಪಕ್ಕದಲ್ಲೇ ಕಿರೀಟದ ಕೆಳಗೆ 'ಎನ್', ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅನ್ನೋದಕ್ಕೆ ಗುರುತು. ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಅದರ ಉದ್ದ ಮಾತ್ರ ಎಲ್ಲೂ ಬರೆದಿಲ್ಲ. ಅಂಗಡಿಯ ಹಿರಿಯರು ಅಳತೆ ಕಡ್ಡಿ ತೂರಿಸಿ ನೋಡಿದರು: 65 ಮಿ.ಮೀ. ಆಮೇಲೆ ನಳಿಗೆಗಳನ್ನು ಕೊಕ್ಕೆಗೆ ತೂಗುಹಾಕಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಗಂಟೆ ಥರ ನಾದ ಬಂದರೆ ಬೆಸುಗೆ ಗಟ್ಟಿ ಇದೆ, ಡಬ್ ಅಂದರೆ ಎಲ್ಲೋ ಬಿಟ್ಟಿದೆ ಅಂತ ಲೆಕ್ಕ. ನಂತರ ಡಯಲ್ ಗೇಜಿನಲ್ಲಿ ನಳಿಗೆಯ ಗೋಡೆಯ ದಪ್ಪ, ಉದ್ದಕ್ಕೂ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಅವರೇನೂ ಅವಸರ ಮಾಡಲಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಈಗಿನ 70 ಮಿ.ಮೀ. ತೋಟಾ 65ರ ಚೇಂಬರಿಗೆ ಸಲೀಸಾಗಿ ಇಳಿದುಬಿಡುತ್ತೆ. ಬಾಯಿ ಮಡಚಿರೋದರಿಂದ ಹೊಡೆಯುವ ಮುಂಚೆ ಅದು ಗಿಡ್ಡಗಿರುತ್ತೆ. ಹೊಡೆದಾಗ ಮಡಿಕೆ ಬಿಚ್ಚಿ ಚೇಂಬರಿನ ಮುಂದಿನ ಇಕ್ಕಟ್ಟಿಗೆ ಚಾಚಿಕೊಳ್ಳುತ್ತೆ, ದಾರಿ ಕಿರಿದಾಗಿ ಒತ್ತಡ ಏರುತ್ತೆ. ಹೋಗುತ್ತೆ ಅಂದಮೇಲೆ ಸರಿಯಾದದ್ದೇ ಅಂತ ಅಂದ್ಕೊಳ್ಳೋರೇ ಜಾಸ್ತಿ.

ಹಾಗಾದ್ರೆ 65ರ ತೋಟಾ ತಗೊಂಡ್ರೆ ಮುಗೀತು ಅಲ್ವಾ? ಇಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ನನಗೆ ಹಾಗೇ ಹೇಳಿ ಒಂದು ಪೆಟ್ಟಿಗೆ ದಾಟಿಸಿದ್ದ. 65 ಅನ್ನೋದು ಉದ್ದ ಅಷ್ಟೇ, ಒತ್ತಡ ಅಲ್ಲ. ಯುರೋಪಿನ ಸಿ.ಐ.ಪಿ. (ಕೋವಿ-ತೋಟಾಗಳ ಸುರಕ್ಷತೆಯ ನಿಯಮ ಮಾಡುವ ಸಂಸ್ಥೆ) ನಿಯಮದಲ್ಲಿ 12 ಗೇಜಿನ ಮಾಮೂಲಿ ತೋಟಾಕ್ಕೆ ಒತ್ತಡ (ಬಾರ್ ಅದರ ಅಳತೆ) 740 ಬಾರ್‌ವರೆಗೂ ಅವಕಾಶ ಇದೆ, ಜೋರಿನವಕ್ಕೆ 1050. ಗಿಡ್ಡ ತೋಟಾ ಕೂಡ ಆ 740ರ ಹತ್ತಿರ ಹೋಗಬಹುದು. ಭುಜಕ್ಕೆ ಬೀಳುವ ಒದೆತವನ್ನೂ ನಂಬಬೇಡಿ. 24 ಗ್ರಾಂನ ಹಗುರ ತೋಟಾ ಮೆತ್ತಗೆ ಒದ್ದರೂ, ಬೇಗ ಉರಿಯುವ ಮದ್ದಾಗಿದ್ದರೆ ಒಳಗಿನ ಒತ್ತಡ ಜೋರಾಗೇ ಇರುತ್ತೆ. ಇನ್ನೊಂದು ಗೊಂದಲ, ಹಳೇ ಪುಸ್ತಕಗಳ ಅಂಕಿ. ತಾಮ್ರದ ತುಂಡು ಎಷ್ಟು ಜಜ್ಜಿತು ಅಂತ ನೋಡಿ ಬರೆದ ಲೆಕ್ಕ ಅದು, ಈಗಿನ ಪಿಯೆಜೊ (ಎಲೆಕ್ಟ್ರಾನಿಕ್ ಸಂವೇದಕದ) ಅಳತೆಗಿಂತ ಕಮ್ಮಿ ತೋರಿಸುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋಕಾಗಲ್ಲ.

ಹಿರಿಯರು ಆ ಪೆಟ್ಟಿಗೆ ನೋಡಿ ಸುಮ್ನೆ ಪಕ್ಕಕ್ಕೆ ತಳ್ಳಿದರು. ತಯಾರಕರು ಒತ್ತಡದ ಅಂಕಿಯನ್ನೇ ಕೊಟ್ಟಿದ್ದ, 740ಕ್ಕಿಂತ ಎಷ್ಟೋ ಕೆಳಗಿರುವ 65ರ ತೋಟಾ ತೆಗೆದುಕೊಟ್ಟರು. ಒಳಗಿನ ಚರೆ, ಅಂದರೆ ಸಣ್ಣ ಗುಂಡುಗಳು, ಸೀಸದ್ದೇ. ಉಕ್ಕಿನ ಚರೆ ಈ ಹಳೇ ಬಿಗಿ ಚೋಕಿಗೆ (ನಳಿಗೆಯ ಮುಂತುದಿಯ ಇಕ್ಕಟ್ಟು) ಬೇಡವೇ ಬೇಡ ಅಂದರು. ಚೇಂಬರ್ ಕೊರೆದು 70 ಮಾಡಿಕೊಡ್ತೀರಾ ಅಂತ ಕೇಳಿದ್ದಕ್ಕೆ, ಗೋಡೆ ತೆಳ್ಳಗಾಗುತ್ತೆ, ಮತ್ತೆ ಪ್ರೂಫ್ ಮಾಡಿಸಬೇಕಾಗುತ್ತೆ, ಯಾಕೆ ಬೇಕು ಅಂತ ಅವರೇ ಬೇಡ ಅಂದರು. ದುಡ್ಡು ಬರುವ ಕೆಲಸ ಬಿಟ್ಟ ಮನುಷ್ಯ!

ಕೊಡಗಿನಲ್ಲಿ ನಮ್ಮ ನೆಂಟರ ಮನೆಯಲ್ಲೂ ಇಂಥದ್ದೇ ಒಂದು ಜರ್ಮನ್ ಕೋವಿ ಇದೆ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡ್ತಾರೆ. ಪೂಜೆಗೆ ಅಡ್ಡಿಯಿಲ್ಲ, ಈಡು ಹೊಡೆಯೋ ಮುಂಚೆ ಚೇಂಬರ್ ಅಳೆಸಿ ಮಾವ ಅಂತ ಫೋನ್ ಮಾಡಿ ಹೇಳಿದೆ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿತ ಕಾಯಿಸಿದ್ದಕ್ಕೆ. ಫೋನ್ ಎತ್ತೋದೇ ಅಪರೂಪ, ಈಮೇಲಿಗೆ ಉತ್ತರ ವಾರ ಕಳೆದ ಮೇಲೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಲೈಸೆನ್ಸ್ ಕಾಗದ ಮರೆಯಬೇಡಿ, ಕಾರ್ಡ್ ನಡೆಯಲ್ಲ, ನಗದು ಇಟ್ಕೊಂಡು ಹೋಗಿ.